ಫ್ರೀಮ್ಯಾಂಟಲ್‌ಗೆ ಹೊರಟ ಒರಳು

"ನೀ ನಿಂದೇ ಒಂದು ಓಟ್ಲು ಮಡಗು, ಎಲ್ಲಾರ ಮಡಗು. ಒರಳು ನಂದು. ಬರಿದು ಕಳ್ಸಕಿಲ್ಲ ಕನವ್ವ, ತುಂಬಿ ಕಳುಸ್ತೀನಿ."

ಕಲ್ಲು ಕೆಲಸದ ನಾಗಯ್ಯಮಾವ ಈ ಮಾತು ಕೊಟ್ಟಾಗ ಕೋಮಲ ಹೈಸ್ಕೂಲಿನಲ್ಲಿದ್ದಳು. ನಾನೂ ಅವಳೂ ಒಂದೇ ಬೆಂಚು. ಅವಳ ಅಮ್ಮ ಹನೂರು ಬಸ್‌ಸ್ಟ್ಯಾಂಡಿನ ಹಿಂದೆ ಇಡ್ಲಿ ಮಾರುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಕೋಮಲ ಹಿಟ್ಟು ರುಬ್ಬಬೇಕು. ಅವರ ಒರಳು ಎಷ್ಟು ಸವೆದಿತ್ತೆಂದರೆ ಅಕ್ಕಿ ಅರೆಯುವುದಕ್ಕಿಂತ ಹೆಚ್ಚಾಗಿ ಗುಂಡಿನ ಸುತ್ತ ಜಾರುತ್ತಿತ್ತು. ನಾಗಯ್ಯಮಾವ ಆಗಾಗ ಬಂದು ಗುಳಿಗೆ ಉಳಿಯಿಂದ ಕಚ್ಚು ಹಾಕಿ, ಇಡ್ಲಿ ತಿಂದು ಹೋಗುತ್ತಿದ್ದರು. ಒಂದು ದಿನ ಉಳಿಯ ಏಟಿಗೆ ಒರಳು ಎರಡು ಹೋಳಾಯಿತು. ಕೋಮಲ ಅಳತೊಡಗಿದಳು. ಕಲ್ಲಿಗಾಗಿ ಅಲ್ಲ, ನಾಳೆಯ ಹಿಟ್ಟಿಗಾಗಿ. ಸಂಜೆಯೊಳಗೆ ಅವರು ಬೇರೊಂದು ಒರಳನ್ನು ಎತ್ತಿನ ಗಾಡಿಯಲ್ಲಿ ತಂದು ಇಳಿಸಿದರು, ಗುಳಿಯ ತುಂಬ ರಾಗಿ ತುಂಬಿ. ಇದು ನಿಮ್ಮವ್ವನಿಗೆ, ನಿನಗೆ ಬೇರೆ ಇದೆ ಅಂದು ಕೋಮಲಳಿಗೆ ಆ ಮಾತು ಕೊಟ್ಟರು.

ನಾಗಯ್ಯಮಾವನ ಮನೆಯ ರೀತಿಯೇ ಹಾಗೆ. ಅವರ ಕೈಯ ಒರಳು ಬರಿಗುಳಿಯಲ್ಲಿ ಹೊಸಿಲು ದಾಟುವುದಿಲ್ಲ. ಅವರ ಹೆಂಡತಿ ಚನ್ನಮಲ್ಲಮ್ಮ ಗುಳಿಗೆ ರಾಗಿ ಸುರಿದು, ಮೇಲೆ ಒಂದು ಅರಿಸಿನದ ಕೊಂಬು ಇಟ್ಟು, ಹಳದಿ ಬಟ್ಟೆ ಕಟ್ಟುತ್ತಾರೆ. ಕೊಂಡವರು ಮನೆಯಲ್ಲಿ ಮೊದಲು ಆ ರಾಗಿಯನ್ನೇ ಅರೆಯಬೇಕು. ಚೌಕಾಸಿ ಮಾಡಿ ಜಗಳವಾಡಿಕೊಂಡು ಕೊಂಡವರಿಗೂ ಇದು ತಪ್ಪಿದ್ದಲ್ಲ. ಬರಿದು ಕಳಿಸಿದರೆ ಆ ಮನೆಯ ಅಡುಗೆಗೆ ಕೇಡು ಬಗೆದಂತೆ ಎಂದು ಅವರಿಬ್ಬರೂ ನಂಬಿದವರು.

ಕೋಮಲ ಅಡುಗೆಯ ಕೋರ್ಸು ಮಾಡಿದಳು, ಮೈಸೂರಿನ ಹೋಟೆಲುಗಳಲ್ಲಿ ಬೆಂದಳು, ಆಮೇಲೆ ಆಸ್ಟ್ರೇಲಿಯಾದ ಪರ್ತ್ ಎಂಬ ಊರಿನಲ್ಲಿ ವಯಸ್ಸಾದವರ ಆಶ್ರಮವೊಂದರ ಅಡುಗೆಮನೆ ಸೇರಿದಳು. ಈ ವರ್ಷ ಅಲ್ಲಿಯೇ ಸ್ವಂತ ಇಡ್ಲಿ ಹೋಟೆಲು ತೆರೆಯುತ್ತಿದ್ದೇನೆ ಎಂದು ಫೋನು ಮಾಡಿದಳು. ನಾಗಯ್ಯಮಾವನಿಗೂ ಹೇಳಿ ನಕ್ಕಳಂತೆ, ಒರಳು ಎಲ್ಲಿ ಮಾವ ಅಂತ. ಅವಳು ನಕ್ಕದ್ದಷ್ಟೇ. ಅವರು ಮಾರನೆಯ ದಿನವೇ ಕಲ್ಲು ಆರಿಸಲು ಹೋದರು.

ಒರಳು ಕೆತ್ತಿ ಮುಗಿಸಿದ ಮೇಲೆ ನನ್ನ ಅಂಗಡಿಗೆ ಬಂದರು. ನನ್ನದು ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ. ಪಹಣಿ, ಆಧಾರ್, ಸ್ಕಾಲರ್‌ಶಿಪ್ಪು, ಪಿಂಚಣಿ, ಯಾರಿಗೆ ಏನು ಬೇಕೋ ಅದು. ಬೆಳಗ್ಗೆ ಮಗಳ ಡಬ್ಬಿ ಕಟ್ಟಿ ಬಾಗಿಲು ತೆಗೆದರೆ, ಅವಳು ಟ್ಯೂಷನ್ ಮುಗಿಸಿ ಬರುವ ತನಕ ಕುರ್ಚಿ ಬಿಡುವ ಹಾಗಿಲ್ಲ.

"ಪ್ರೇಮವ್ವ, ಆಸ್ಟ್ರೇಲಿಯಕ್ಕೆ ಒಂದು ಅರ್ಜಿ ಆಕ್ಕೊಡು. ಒರಳು ಓಗ್ಬೇಕು."

ಆಧಾರ್ ಕಾರ್ಡು, ಎರಡು ಫೋಟೋ ಹಿಡಿದುಕೊಂಡೇ ಬಂದಿದ್ದರು. ನನಗೆ ನಗು ಬಂತು. ಆದರೆ ಅವರು ಹೋದ ಮೇಲೆ ಯೋಚನೆ ಹತ್ತಿತು. ಹನೂರಿನ ಒಂದು ಕಲ್ಲು ಸಮುದ್ರ ದಾಟುವುದು ಹೇಗೆ? ಮೊದಲು ಯಾರ ಕೈಗೆ ಹೋಗುತ್ತದೆ? ದಾರಿಯಲ್ಲಿ ಅದು ಯಾರದು? ದಿನವೂ ಊರವರ ಅರ್ಜಿ ತುಂಬುವವಳಿಗೆ ಇದೊಂದೂ ಗೊತ್ತಿರಲಿಲ್ಲ.

ಕೊರಿಯರಿನವನಿಗೆ ಫೋನು ಮಾಡಿದೆ. ತೂಕ ಎಷ್ಟು ಅಂದ. ಹೇಳಿದೆ. ಇನ್ನೊಮ್ಮೆ ಹೇಳಿ ಅಂದ. ಇನ್ನೊಮ್ಮೆ ಹೇಳಿದ್ದಕ್ಕೆ, ಅಕ್ಕಾ ವಿಮಾನದಲ್ಲಿ ನೀವು ಹೋಗಿ ಅವರಿಗೆ ಒಂದು ಮಿಕ್ಸಿ ಕೊಡಿಸಿ ಬನ್ನಿ, ಅದೇ ಸಲೀಸು ಅಂದ.

ಆಗ ಗುರುಪ್ರಕಾಶ್ ನೆನಪಾದರು. ಕೊಳ್ಳೇಗಾಲದ ಹೊರಗಿನ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಅವರು ಮಾಲು ರವಾನಿಸುವ ವಿಭಾಗ ನೋಡಿಕೊಳ್ಳುತ್ತಾರೆ. ಮಗನ ಅರ್ಜಿಗೆಂದು ನನ್ನ ಅಂಗಡಿಗೆ ಬಂದವರು. ಅವರ ಫ್ಯಾಕ್ಟರಿಯ ಕಪ್ಪು ಕಲ್ಲಿನ ಹಲಗೆಗಳು ಚೆನ್ನೈಗೆ ಹೋಗಿ ಹಡಗು ಹತ್ತುತ್ತವೆ. ಅವರು ನಗಲಿಲ್ಲ. ನಮ್ಮ ಲಾರಿಯ ಮೇಲೆ ಒಂದು ಪೆಟ್ಟಿಗೆಗೆ ಜಾಗ ಮಾಡಿಕೊಡೋಣ ಅಂದರು. ಚೆನ್ನೈಯಲ್ಲಿ ಅವರಿಗೆ ಪರಿಚಯದ ಏಜೆಂಟ್ ಇದ್ದಾನೆ, ರಫ್ತಿನ ನೋಂದಣಿ ಅವನದು. ನಮ್ಮ ಪೆಟ್ಟಿಗೆಗೆ ಇಡೀ ಕಂಟೇನರ್ ಬೇಡ. ಹತ್ತಾರು ಜನರ ಸಾಮಾನು ಸೇರಿಸಿ ತುಂಬುವ ಪಾಲು ಕಂಟೇನರ್‌ನಲ್ಲಿ ಒಂದು ಮೂಲೆ ಸಾಕು.

ಅಲ್ಲಿಂದ ಶುರುವಾಯಿತು ನನ್ನ ಪ್ರಶ್ನೆಗಳ ಕಾಟ. ಗುರುಪ್ರಕಾಶ್ ಊಟದ ಹೊತ್ತಿಗೆ ಫೋನಿನಲ್ಲಿ ಸಿಗುತ್ತಿದ್ದರು, ಒಂದು ಕೈಯಲ್ಲಿ ಮುದ್ದೆ ಇರುವಾಗಲೇ ಪಾಠ. ಲಾರಿಗೆ ಹತ್ತಿಸಿದಾಗ ಲಾರಿಯವರು ಒಂದು ರಸೀತಿ ಕೊಡುತ್ತಾರೆ. ವಿಮಾನಕ್ಕೆ ಏರ್ ವೇ ಬಿಲ್. ಅದೂ ರಸೀತಿಯೇ, ಯಾರ ಹೆಸರು ಬರೆದಿದೆಯೋ ಅವರಿಗೆ ಮಾಲು ಕೊಟ್ಟುಬಿಡುತ್ತಾರೆ. ಹಡಗಿನದು ಬಿಲ್ ಆಫ್ ಲೇಡಿಂಗ್. ಅದು ಮಾತ್ರ ಬೇರೆ ಜಾತಿಯ ಕಾಗದ. ಹಡಗು ನಿಧಾನ, ಮಾಲು ವಾರಗಟ್ಟಲೆ ನೀರಿನ ಮೇಲಿರುತ್ತದೆ. ಅಷ್ಟು ದಿನ ಆ ಮಾಲು ಯಾರದು ಎನ್ನುವುದನ್ನು ಕಾಗದವೇ ಹೇಳುತ್ತದೆ. ಅದರ ಮೂಲ ಪ್ರತಿ ಕೈಯಲ್ಲಿ ಹಿಡಿದು ಬಂದವರಿಗೆ ಬಂದರಿನಲ್ಲಿ ಸಾಮಾನು. ಮೂಲ ಪ್ರತಿಗಳು ಮೂರು, ಒಂದು ಕೊಟ್ಟರೆ ಉಳಿದೆರಡು ರದ್ದಿ.

ಇದನ್ನು ನಾಗಯ್ಯಮಾವನಿಗೆ ವಿವರಿಸಿದೆ. ಅವರು ಬೀಡಿ ಆರಿಸಿ ಕೇಳಿಸಿಕೊಂಡರು.

"ಅಂಗಾದ್ರೆ ಕಾಗ್ದ ಇದ್ದೋರ್ದೇ ಕಲ್ಲು."

"ಹೂಂ ಮಾವ."

"ಮತ್ತೆ ಕಾಗ್ದನೇ ಕಳುಸ್ಬುಡು. ಕಲ್ಲು ಇಲ್ಲೇ ಬಿದ್ದಿರ್ಲಿ, ಒತ್ತಾಡೋದಾದ್ರೂ ತಪ್ತದೆ."

ಲೋಕದಲ್ಲಿ ಮಾರಾಟವಾಗುವ ಪ್ರತಿ ಸಾಮಾನಿಗೂ ಒಂದು ಸಂಖ್ಯೆ ಇದೆ ಎನ್ನುವುದೂ ನನಗೆ ಆಗಲೇ ಗೊತ್ತಾದದ್ದು. ಸೂಜಿಗೆ ಇದೆ, ಹಸುವಿಗೆ ಇದೆ, ತಲೆಕೂದಲಿಗೂ ಇದೆ. ಒರಳು ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ಜನ ಇಲ್ಲದಾಗ ಹುಡುಕುತ್ತಾ ಕೂತೆ. ಅರೆಯುವ ಕಲ್ಲು, ಬೀಸುವ ಕಲ್ಲು ಎಂಬ ಸಾಲಿನಲ್ಲಿ ಸಿಕ್ಕಿತು. ಏಕೋ ಖುಷಿಯಾಯಿತು. ನಮ್ಮ ಒರಳಿಗೆ ಅವರು ಮೊದಲೇ ಜಾಗ ಇಟ್ಟಿದ್ದರಲ್ಲ ಅಂತ. ಇನ್‌ವಾಯ್ಸ್‌ನಲ್ಲಿ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಅದೇ ಸಂಖ್ಯೆ ಬರೆದೆ. ಒಂದು ಪೆಟ್ಟಿಗೆ, ಒಂದು ಒರಳು ಗುಂಡಿನ ಸಮೇತ. ಅದನ್ನು ಇಟ್ಟುಕೊಂಡು ಚೆನ್ನೈಯ ಏಜೆಂಟ್ ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಹಾಕಿದ.

ಪೆಟ್ಟಿಗೆಯ ಹಲಗೆಗಳನ್ನು ಗುರುಪ್ರಕಾಶ್ ಫ್ಯಾಕ್ಟರಿಯಿಂದಲೇ ಕಳಿಸಿದರು. ಒಂದೊಂದರ ಮೇಲೂ ತೆನೆಯ ಗುರುತಿನ ಮುದ್ರೆ ಸುಟ್ಟು ಒತ್ತಿತ್ತು. ಮರವನ್ನು ಕಾಯಿಸಿ ಹುಳ ಸಾಯಿಸಿದ್ದಕ್ಕೆ ಆ ಮುದ್ರೆ. ಇಲ್ಲದಿದ್ದರೆ ಆ ದೇಶದವರು ಪೆಟ್ಟಿಗೆಯನ್ನೇ ಒಳಗೆ ಬಿಡುವುದಿಲ್ಲ.

ಲಾರಿಯ ಡ್ರೈವರ್ ಬಿಳಿಗಿರಿ ಬೆಳಗ್ಗೆ ಬಂದು ಪೆಟ್ಟಿಗೆ ಹತ್ತಿಸಿಕೊಂಡು ಹೊರಟ. ಮಾದಪ್ಪನ ಬೆಟ್ಟದ ದಾರಿ ಹಿಡಿದು ಪಾಲಾರ್, ಮೇಟೂರು, ಸೇಲಂ, ಚೆನ್ನೈ. ನಾನು ಅಂಗಡಿಯಲ್ಲಿದ್ದೆ, ಪೆಟ್ಟಿಗೆಗೆ ಮೊಳೆ ಹೊಡೆದದ್ದನ್ನು ನೋಡಿರಲಿಲ್ಲ.

ಲಾರಿ ಹೋದ ಸ್ವಲ್ಪ ಹೊತ್ತಿಗೆ ಗುರುಪ್ರಕಾಶ್ ಇನ್ನೊಂದು ಕಾಗದ ಕಳಿಸಿದರು. ಆಸ್ಟ್ರೇಲಿಯಾಕ್ಕೆ ಮಾತ್ರ ಬೇಕಾದದ್ದಂತೆ, ಪ್ಯಾಕಿಂಗ್ ಡಿಕ್ಲರೇಷನ್. ಪೆಟ್ಟಿಗೆ ಕಟ್ಟಿದವರು ಸಹಿ ಹಾಕಬೇಕು. ಸಂಜೆಯೊಳಗೆ ಕಳಿಸದಿದ್ದರೆ ಈ ಕಂಟೇನರ್‌ಗೆ ನಮ್ಮದು ಸೇರುವುದಿಲ್ಲ. ಪ್ರಿಂಟ್ ತೆಗೆದು ನಾಗಯ್ಯಮಾವನನ್ನು ಸಹಿಗೆ ಕರೆಸಿದೆ. ಮೊದಲ ಪ್ರಶ್ನೆ ಓದಿದೆ. ನಿಷೇಧಿಸಿದ ವಸ್ತುಗಳನ್ನು ಪ್ಯಾಕಿಂಗಿಗೆ ಬಳಸಲಾಗಿದೆಯೇ, ಹೌದೋ ಇಲ್ಲವೋ. ಆ ವಸ್ತುಗಳು ಯಾವುವು ಎಂದು ಕೇಳಿದ್ದಕ್ಕೆ ಗುರುಪ್ರಕಾಶ್ ಹೇಳಿದ ಮೊದಲ ಹೆಸರೇ ಹುಲ್ಲು.

ಇಷ್ಟು ದೊಡ್ಡ ದೇಶ ಹುಲ್ಲಿನ ಬಗ್ಗೆ ಯಾಕೆ ಕೇಳುತ್ತದೆ? ಹುಲ್ಲಿನಲ್ಲಿ ಬೀಜ ಇರುತ್ತದೆ, ಹುಳದ ಮೊಟ್ಟೆ ಇರುತ್ತದೆ, ಅಲ್ಲಿ ಇಲ್ಲದ ರೋಗ ಇರುತ್ತದೆ. ಅವರ ಹೊಲಗಳನ್ನು ಕಾಯಲು ಅವರು ಬಂದರಿನಲ್ಲಿ ಕಾವಲು ಕೂತಿದ್ದಾರೆ. ಅದು ನನಗೆ ಸರಿ ಅನ್ನಿಸುತ್ತಿದ್ದ ಹಾಗೆಯೇ ತಲೆಯೊಳಗೆ ಇನ್ನೊಂದು ಪ್ರಶ್ನೆ ಎದ್ದಿತು.

"ಮಾವ, ಪೆಟ್ಟಿಗೆಯೊಳಗೆ ಕಲ್ಲಿನ ಸುತ್ತ ಏನು ಹಾಕಿದ್ರಿ?"

"ರಾಗಿ ಉಲ್ಲು. ಒಂದೊರೆ ಇಡ್ಸದೆ. ಬಿದ್ರೂ ಕಲ್ಲಿಗೆ ಏನೂ ಆಗಕಿಲ್ಲ."

"ಗುಳಿಯೊಳಗೆ?"

ಅವರು ನನ್ನ ಮುಖವನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದರು. "ಇದೇನವ್ವ ಇಂಗ್ ಕೇಳೀಯ. ನಿಮ್ಮತ್ತೆ ರಾಗಿ ತುಂಬವ್ಳೆ, ಅರಿಸ್ನದ ಕೊಂಬು ಮಡಗವ್ಳೆ."

ಆ ದೇಶದವರು ಕಾಳು ಬಿಡುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ. ಬಿಡದೆ ಇದ್ದರೆ ಹಲಗೆಯ ಮೇಲೆ ಅವರೇ ಯಾಕೆ ತೆನೆ ಒತ್ತಿದ್ದಾರೆ ಎಂದು ಕೇಳಿದರು. ಆ ತೆನೆ ನೋಡಿಯೇ ಚನ್ನಮಲ್ಲಮ್ಮ, ನಮ್ಮ ಹಾಗೆ ತುಂಬಿ ಕಳಿಸುವ ಜನ ಅವರು ಎಂದು ಸಂತೋಷಪಟ್ಟು, ಇನ್ನೆರಡು ಬೊಗಸೆ ಹೆಚ್ಚಿಗೆ ಸುರಿದಿದ್ದರಂತೆ.

ಗುರುಪ್ರಕಾಶ್‌ಗೆ ಫೋನು ಮಾಡಿದೆ. ಅವರು ಹೇಳಿದ್ದಿಷ್ಟು. ಅಲ್ಲಿ ತೆರೆದು ನೋಡಿದಾಗ ಸಿಕ್ಕರೆ ಪೆಟ್ಟಿಗೆಯನ್ನು ವಾಪಸು ಕಳಿಸಬಹುದು, ನಾಶವನ್ನೂ ಮಾಡಬಹುದು. ಅದಕ್ಕಿಂತ ಹೆಚ್ಚಾಗಿ ಇಡೀ ಕಂಟೇನರ್ ನಿಲ್ಲುತ್ತದೆ.

ನಾಗಯ್ಯಮಾವ ಪೆನ್ನಿನ ಕಡೆ ಗದ್ದ ತೋರಿಸಿದರು. "ಇಲ್ಲ ಅಂತ ಬರ್ಕೊಳವ್ವ. ನಾ ಸೈನ್ ಆಕ್ತೀನಿ. ಯಾರ್ ಬಂದು ಗುಳಿಗೆ ಕೈ ಆಕ್ತಾರು?"

ಬರೆಯಬಹುದಿತ್ತು. ಆದರೆ ಅದೇ ಕಂಟೇನರ್‌ನಲ್ಲಿ ಯಾರದೋ ಮದುವೆಯ ಸೀರೆ ಇರಬಹುದು, ಯಾರದೋ ದೇವರ ವಿಗ್ರಹ ಇರಬಹುದು. ನಮ್ಮ ರಾಗಿಗೆ ಅವರೂ ಬಂದರಿನಲ್ಲಿ ಕೂರಬೇಕು. ಹೀಗೆ ಅಂದೆ. ಅವರು ಬೀಡಿಕಟ್ಟು ಜೇಬಿಗೆ ಹಾಕಿಕೊಂಡರು. "ಅಂಗಂತೀಯಾ. ಗಾಡಿ ತಗಿ ಮತ್ತೆ."

ಬಿಳಿಗಿರಿಯ ಫೋನು ಹತ್ತಲಿಲ್ಲ. ಕೌದಳ್ಳಿ ದಾಟಿದರೆ ಸಿಗ್ನಲ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಗಳು ಬಂದರೆ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ಅಂಗಡಿಗೆ ಬೀಗ ಹಾಕಿ, ಸ್ಕೂಟರ್ ತೆಗೆದೆ. ಹಿಂದೆ ನಾಗಯ್ಯಮಾವ, ಅವರ ತೊಡೆಯ ಮೇಲೆ ಮೊಳೆ ಕೀಳುವ ಹಾರೆ, ಸುತ್ತಿಗೆ. ತಾಳಬೆಟ್ಟದಿಂದ ಮೇಲೆ ತಿರುವಿನ ಮೇಲೆ ತಿರುವು. ಅವರು ಹೆದರಿದ್ದು ಆ ಕಾಡಿನ ಆನೆಗಲ್ಲ, ನನ್ನ ಸ್ಕೂಟರಿಗೆ. ಪ್ರತಿ ತಿರುವಿನಲ್ಲೂ ಮಾದಪ್ಪನ ಹೆಸರು ಹೇಳಿ, ಹಾರೆಯಿಂದ ನನ್ನ ಬೆನ್ನಿಗೆ ಒಂದು ತಿವಿತ. ಬೆಟ್ಟದ ಮೇಲೆ ಮಾದಪ್ಪನ ಗುಡಿ ಬಂದಾಗ, ಇಳಿದು ಕೈ ಮುಗಿದು ಬರುತ್ತೀರಾ ಎಂದು ಕೇಳಿದೆ. ಬೇಡ, ದಾರಿಯುದ್ದಕ್ಕೂ ಮುಗಿದಿದ್ದೀನಿ ಅಂದರು.

ಪಾಲಾರ್‌ನಲ್ಲಿ ತಮಿಳುನಾಡಿನ ಗಡಿಯ ಸೇತುವೆಗೆ ಮೊದಲು ಲಾರಿ ನಿಂತಿತ್ತು. ಬಿಳಿಗಿರಿ ಟೀ ಅಂಗಡಿಯ ಬೆಂಚಿನ ಮೇಲೆ ಊಟ ಮುಗಿಸಿ ಮಲಗಿದ್ದ. ನಮ್ಮನ್ನು ನೋಡಿ ಎದ್ದು ಕೂತ.

"ಏನಕ್ಕಾ, ನೀವೂ ಆಸ್ಟ್ರೇಲಿಯಕ್ಕಾ?"

ವಿಷಯ ಹೇಳಿದ್ದೇ ಅವನು ಲಾರಿಯ ಮೇಲೆ ಹತ್ತಿ ಹಗ್ಗ ಬಿಚ್ಚಿದ. ಕಲ್ಲನ್ನು ಕೆಳಗಿಳಿಸುವ ಮಾತಿಲ್ಲ, ಅಲ್ಲೇ ಮೇಲೆಯೇ ಮುಚ್ಚಳ ಎಬ್ಬಿಸಿದರು. ನಾಗಯ್ಯಮಾವ ಒಂದೊಂದೇ ಹಿಡಿ ಹುಲ್ಲು ಎಳೆದು ಕೆಳಗೆ ಹಾಕಿದರು. ಟೀ ಅಂಗಡಿಯ ಹೆಂಗಸು ಅದನ್ನು ಬಾಚಿ ತನ್ನ ಹಸುವಿನ ಮುಂದೆ ಹಾಕುತ್ತಾ, ಕಲ್ಲು ಎಂಗೆ ಪೋಗುದು, ಎಲ್ಲಿಗೆ ಹೋಗುತ್ತದೆ, ಎಂದು ತಮಿಳಿನಲ್ಲಿ ಕೇಳಿದಳು. ಹೇಳಿದೆ. ಅಂಗೆ ಕಲ್ಲೇ ಇಲ್ಲಿಯಾ, ಅಲ್ಲಿ ಕಲ್ಲೇ ಇಲ್ಲವಾ, ಎಂದಳು.

ಹಳದಿ ಬಟ್ಟೆ ಬಿಚ್ಚಿದಾಗ ಗುಳಿಯಲ್ಲಿ ರಾಗಿ ಕಂಠಮಟ್ಟ ಇತ್ತು. ನಾಗಯ್ಯಮಾವ ಕೈ ಇಟ್ಟರು, ತೆಗೆಯಲಿಲ್ಲ.

"ಬೇರೆ ಏನಾರ ತುಂಬಬಹುದಾ ಕೇಳು."

ಸೇತುವೆಯ ಹತ್ತಿರ ಫೋನು ತಮಿಳುನಾಡಿನ ಟವರ್ ಹಿಡಿಯಿತು. ಗುರುಪ್ರಕಾಶ್ ಸಿಕ್ಕರು. ದಾರಿಯುದ್ದಕ್ಕೂ ನಾನೂ ಅದನ್ನೇ ಯೋಚಿಸಿದ್ದೆ. ಮಣ್ಣು, ಮರಳು ಕೇಳುವುದೇ ಬೇಡ. ಬೇಳೆ, ಅಕ್ಕಿ ಎಲ್ಲ ಕಾಳೇ. ಹೂವು ಸಸ್ಯ. ಉಪ್ಪು? ಉಪ್ಪು ಬೆಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಟೀ ಅಂಗಡಿಯಲ್ಲೇ ಪ್ಯಾಕೆಟ್ ಇತ್ತು.

"ಮೇಡಂ, ಉಪ್ಪಿಗೆ ಅವ್ರದ್ದೇನೂ ಅಡ್ಡಿ ಇಲ್ಲ ಅಂದ್ಕೊಳ್ಳಿ," ಎಂದರು ಗುರುಪ್ರಕಾಶ್. "ಆದ್ರೆ ಪೇಪರ್‌ನಲ್ಲಿ ಇಲ್ಲದ್ದು ಬಾಕ್ಸ್‌ನಲ್ಲಿ ಇರಂಗಿಲ್ಲ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಎಲ್ಲದ್ರಲ್ಲೂ ಒಂದೇ ಐಟಂ. ಸೇರಿಸ್ಬೇಕಂದ್ರೆ ಎಲ್ಲಾ ತಿದ್ಬೇಕು, ಈ ಹಡಗು ಬಿಟ್ಟು ಮುಂದಿಂದಕ್ಕೆ ಕಾಯ್ಬೇಕು."

ಕಾಯಬಹುದು ಮಾವ, ಮುಂದಿನ ಹಡಗಿಗೆ ಉಪ್ಪು ತುಂಬಿ ಕಳಿಸೋಣ ಎಂದು ನಾನು ಹೇಳಿದೆ. ಅವರು ನನ್ನ ಫೋನಿನ ಕಡೆ ಬಗ್ಗಿ ತಾವೇ ಕೇಳಿದರು.

"ಸಾ, ಮುಂದಿನ್ ಅಡಗಿಗೆ ರಾಗಿ ಬುಟ್ಟಾರಾ?"

"ಯಾವ ಹಡಗಿಗೂ ಬಿಡಲ್ಲ ಯಜಮಾನ್ರೇ."

ಅವರು ಲಾರಿಯ ಅಂಚಿನ ಮೇಲೆ ಕೂತರು. ಕೆಳಗೆ ಹಸು ನಮ್ಮ ಹುಲ್ಲು ಮೇಯುತ್ತಿತ್ತು. ಬಿಳಿಗಿರಿ ಗಡಿಯಾರ ನೋಡಿದ. ನನಗೆ ಉಪ್ಪಿನ ಆಸೆ ಬಿಡಲಿಲ್ಲ. ಹೊಸ ಮನೆಗೆ ಮೊದಲು ಉಪ್ಪನ್ನೇ ತಾನೆ ತೆಗೆದುಕೊಂಡು ಹೋಗುವುದು ಎಂದು ಮತ್ತೆ ಹೇಳಿದೆ.

"ಉಪ್ಪು ಅರಿಯಕೆ ಯಾರವ್ವ ಒರಳು ಮಡಗ್ತಾರೆ?" ಎಂದರು. ದನಿ ಏರಲಿಲ್ಲ. "ಅರಿಯೋ ಕಾಳು ತುಂಬ್ಬೇಕು. ಬ್ಯಾರೆ ಏನ್ ತುಂಬುದ್ರೂ ಅದು ತುಂಬ್ದಂಗಲ್ಲ. ನಾನೇನೋ ಮಾತು ಕೊಟ್ಬುಟ್ಟೆ, ಅವ್ಳು ಅಲ್ಲಿ ಕಲ್ಲಿಲ್ದೆ ಕಾಯ್ಬೇಕಾ? ಓಗ್ಲಿ. ನೀರು ತರಿಸು."

ಬಿಳಿಗಿರಿ ಹೊಳೆಯಿಂದ ಕ್ಯಾನಿನಲ್ಲಿ ನೀರು ತಂದ. ರಾಗಿಯನ್ನೂ ಅರಿಸಿನದ ಕೊಂಬನ್ನೂ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು ನಾಗಯ್ಯಮಾವ. ಆಮೇಲೆ ಒದ್ದೆ ಅಂಗೈಯನ್ನು ಗುಳಿಯೊಳಗೆ ಆಡಿಸಿ ತೆಗೆದು ನೋಡಿದರು. ಅಂಗೈಗೆ ರಾಗಿ ಕಾಳು ಅಂಟಿದ್ದವು. ಹೊಸ ಕಲ್ಲು, ಅವರೇ ಹಾಕಿದ ಹೊಸ ಕಚ್ಚು, ಒಂದೊಂದು ಕಚ್ಚಿನಲ್ಲೂ ಕಾಳು ಸಿಕ್ಕಿಕೊಂಡಿತ್ತು. ಮೊಳೆಯ ತುದಿಯಿಂದ ಕೆದಕಿದರು, ನೀರು ಹಾಕಿ ಬಟ್ಟೆಯಲ್ಲಿ ಹೀರಿದರು, ಮತ್ತೆ ಅಂಗೈ ಆಡಿಸಿದರು. ಅಂಗೈ ಬರಿದಾಗಿ ಬರುವ ತನಕ ಬಿಡಲಿಲ್ಲ. ಅಷ್ಟು ಹೊತ್ತು ಯಾರೂ ಅವರನ್ನು ಅವಸರಪಡಿಸಲಿಲ್ಲ. ಒಣಗಲು ಬಿಸಿಲಿಗೆ ಬಿಟ್ಟು, ಆಮೇಲೆ ಹುಲ್ಲಿನ ಜಾಗಕ್ಕೆ ಬಿಳಿಗಿರಿ ಕಲ್ಲು ಹಲಗೆಗಳ ನಡುವೆ ಇಡುವ ಸ್ಪಂಜಿನ ಹಾಳೆಗಳನ್ನು ಒತ್ತಿ ತುಂಬಿದ. ಮುಚ್ಚಳಕ್ಕೆ ಮೊಳೆ ಹೊಡೆದದ್ದು ನಾಗಯ್ಯಮಾವ.

ಟೀ ಅಂಗಡಿಯ ಮೇಜಿನ ಮೇಲೆ ಡಿಕ್ಲರೇಷನ್ ಹರಡಿ 'ಇಲ್ಲ' ಎನ್ನುವುದಕ್ಕೆ ಗುರುತು ಹಾಕಿದೆ. ಅವರು ಸಹಿ ಮಾಡಿದರು. ಫೋಟೋ ತೆಗೆದು ಕಳಿಸಿದೆ. ಲಾರಿ ಸೇತುವೆ ದಾಟಿತು.

ಚನ್ನಮಲ್ಲಮ್ಮನಿಗೆ ಗಂಟು ಕೊಟ್ಟಾಗ ಅವರು ಬಿಚ್ಚಿ ನೋಡಿ, "ಬರಿದೇ ಕಳ್ಸಿಬುಟ್ರಾ" ಎಂದಷ್ಟೇ ಅಂದರು. ನಾಗಯ್ಯಮಾವ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ಹಡಗು ಹೊರಟ ಮೇಲೆ ಬಿಲ್ ಆಫ್ ಲೇಡಿಂಗ್ ಬಂತು. ಮೂಲ ಪ್ರತಿಯನ್ನು ಕೋಮಲಳಿಗೆ ಕೊರಿಯರ್ ಮಾಡುವ ಮೊದಲು ನಾಗಯ್ಯಮಾವನಿಗೆ ತೋರಿಸಿದೆ. ಹಡಗಿನ ಹೆಸರು, ಚೆನ್ನೈ, ಪರ್ತ್‌ನ ಬಂದರು ಫ್ರೀಮ್ಯಾಂಟಲ್, ಒಂದು ಮರದ ಪೆಟ್ಟಿಗೆ. ಅದರ ಮುಂದೆ ಒಂದು ವಿಚಿತ್ರ ಮಾತು, ಒಳಗೆ ಒರಳು ಇದೆ ಎಂದು 'ಹೇಳಲಾಗಿದೆ' ಅಂತ. ಯಾಕೆ ಹೀಗೆ ಎಂದು ಗುರುಪ್ರಕಾಶ್‌ರನ್ನು ಕೇಳಿದ್ದೆ. ಹಡಗಿನವರು ಪೆಟ್ಟಿಗೆ ತೆರೆದು ನೋಡಿರುವುದಿಲ್ಲ, ಕಳಿಸಿದವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ, ಅಷ್ಟೇ.

"ಅವ್ರು ನೋಡೇ ಇಲ್ವಾ?" ನಾಗಯ್ಯಮಾವ ಕಾಗದವನ್ನು ದೂರ ಹಿಡಿದು ನೋಡಿದರು. "ನೋಡ್ದೆ ಇರೋವ್ರಿಗೆ ಆ ಪಾಟಿ ತೊಳ್ದು ಕಳುಸ್ದೋ ನಾವು."

ಮಗಳೂ ನಾನೂ ಕಂಪ್ಯೂಟರಿನಲ್ಲಿ ಕಂಟೇನರಿನ ಸಂಖ್ಯೆ ಹಾಕಿ ನೋಡುತ್ತಿದ್ದೆವು. ಸಿಂಗಾಪುರದಲ್ಲಿ ಅದು ಹಡಗು ಬದಲಿಸಿತು. ಅಲ್ಲಿ ಸುಮ್ಮನೆ ಕೂತಿದ್ದಾಗ ಮಗಳು, ಅದಕ್ಕೂ ಬಸ್ ಸಿಗಲಿಲ್ವಾ ಅಮ್ಮ ಎಂದು ಕೇಳಿದಳು. ಫ್ರೀಮ್ಯಾಂಟಲ್‌ನಲ್ಲಿ ಇಳಿದ ಮೇಲೆ ಅಲ್ಲಿನ ಅಧಿಕಾರಿಗಳು ಪೆಟ್ಟಿಗೆ ತೆರೆದರಂತೆ. ಟಾರ್ಚು ಹಿಡಿದು ಗುಳಿಯೊಳಗೆ ನೋಡಿ, ಬೆರಳಾಡಿಸಿ, ಮುಚ್ಚಿ ಬಿಟ್ಟುಕೊಟ್ಟರಂತೆ. ಇದನ್ನು ಕೋಮಲ ವಿಡಿಯೋ ಕಾಲ್‌ನಲ್ಲಿ ಹೇಳಿದಳು. ನಾಗಯ್ಯಮಾವ, ಚನ್ನಮಲ್ಲಮ್ಮ ಇಬ್ಬರೂ ನನ್ನ ಅಂಗಡಿಯ ಕುರ್ಚಿಗಳಲ್ಲಿ ಕೂತಿದ್ದರು. ಪರದೆಯಲ್ಲಿ ಬಿಳಿ ಗೋಡೆ, ಗೋಡೆಯ ಬುಡದಲ್ಲಿ ನಮ್ಮ ಕರಿ ಒರಳು. ಅವಳು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಗುಳಿಯೊಳಗೆ ಕೈ ಇಟ್ಟಳು.

"ಮಾವ, ಏನೂ ಇಲ್ವಲ್ಲ?"

"ಇಲ್ಲ ಕನವ್ವ," ಎಂದರು ಅವರು. "ಬುಡ್ನಿಲ್ಲ."

ಅಕ್ಕಿ ನೆನೆಹಾಕಿದ್ದೇನೆ, ಸಂಜೆ ರುಬ್ಬುತ್ತೇನೆ ಎಂದಳು. ಕಚ್ಚು ಸರಿಯಾಗಿ ಬಿದ್ದಿದೆಯೇ ನೋಡು, ಇಲ್ಲದಿದ್ದರೆ ಹೇಳು ಎಂದರು ನಾಗಯ್ಯಮಾವ, ಹೇಳಿದರೆ ನಾಳೆಯೇ ಹೋಗಿ ಬರುವವರ ಹಾಗೆ. ಚನ್ನಮಲ್ಲಮ್ಮ ಸೆರಗಿನ ತುದಿ ಸುತ್ತುತ್ತಾ ಪರದೆಯನ್ನೇ ನೋಡುತ್ತಿದ್ದರು.

ಒರಳು ತಲುಪಿತು. ತುಂಬಿ ಕಳಿಸುತ್ತೇನೆಂದು ನಾಗಯ್ಯಮಾವ ಕೊಟ್ಟ ಮಾತು ನಡೆಯಲಿಲ್ಲ.